ಸೋಮವಾರದ ಫಿಯೆಟ್

ಚಳ್ಳಕೆರೆಯಿಂದ ಎಣ್ಣೆ ಮಿಲ್ಲಿನ ಸಿದ್ದಲಿಂಗೇಶ್ ಫೋನ್ ಮಾಡಿದಾಗ ನಾಗಭೂಷಣ ಬಿ.ಜಿ. ಕೆರೆಯ ತನ್ನ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ.

"ನಮ್ಮಪ್ಪನ ಹಳೇ ಫಿಯೆಟ್ ಐತಲ್ಲ ಮೇಸ್ತ್ರೀ, ನಾಲ್ಕು ವರ್ಷದಿಂದ ನಿಂತಲ್ಲೇ ನಿಂತೈತೆ. ಬ್ಯಾಟರಿ ಹಾಕಿಸ್ದೆ, ಟೈರ್ ಹಾಕಿಸ್ದೆ, ಟ್ಯಾಂಕ್ ತೊಳೆಸ್ದೆ. ಆದ್ರೂ ಇಂಜಿನ್ನಿಗೆ ಪೆಟ್ರೋಲ್ ಏರ್ತಿಲ್ಲ. ಪಂಪು ಹೋಗೈತಂತೆ, ಹೊಸದು ಎಲ್ಲೂ ಸಿಗ್ತಿಲ್ಲ. ನೀವಾದ್ರೆ ಹಳೇದನ್ನೇ ಬಿಚ್ಚಿ ಹೊಸದು ಮಾಡ್ತೀರಂತಲ್ಲ."

"ಯಾರು ಹೇಳಿದ್ರು ನನ್ನ ಹೆಸ್ರು?"

"ನಮ್ಮವ್ವ."

ನಾಗಭೂಷಣ ಟ್ರ್ಯಾಕ್ಟರಿನ ಅಡಿಯಿಂದ ಜಾರಿ ಬಂದು ಎದ್ದು ಕೂತ. ಸಿದ್ದಲಿಂಗೇಶನ ತಾಯಿ ಶಿವಬಸಮ್ಮನನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ತಂದೆ ಕೊಟ್ಟೂರಪ್ಪನನ್ನು ಮಾತ್ರ ಚೆನ್ನಾಗಿ ಬಲ್ಲ. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದ ಯರ್ರಮ್ಮ ನಾಗಭೂಷಣನ ಚಿಕ್ಕವ್ವ, ಅವನ ತಾಯಿಯ ಒಡಹುಟ್ಟಿದ ತಂಗಿ. ಕೊಟ್ಟೂರಪ್ಪ ಆಕೆಯನ್ನು ಮೂವತ್ತೈದು ವರ್ಷ ಇಟ್ಟುಕೊಂಡಿದ್ದ. ಪ್ರತಿ ಸೋಮವಾರ ಬೆಳಿಗ್ಗೆ ಬೂದು ಬಣ್ಣದ ಫಿಯೆಟ್ ಅವಳ ಓಣಿಗೆ ಬಂದು ನಿಲ್ಲುತ್ತಿತ್ತು, ಸಂಜೆ ಹೊರಡುತ್ತಿತ್ತು. ನಾಗಭೂಷಣನಿಗೆ ಹದಿನೆಂಟಾಗಿದ್ದಾಗ ಒಂದು ಸೋಮವಾರ ಅದು ಹೊರಡಲೇ ಇಲ್ಲ. ಅವನು ಬದುಕಿನಲ್ಲಿ ಮೊದಲ ಸಲ ಒಂದು ಪೆಟ್ರೋಲ್ ಪಂಪು ಬಿಚ್ಚಿದ್ದು ಅವತ್ತು, ಚಿಕ್ಕವ್ವನ ಮನೆಯ ಮುಂದೆ. ಗಾಡಿ ಶುರುವಾದಾಗ ಕೊಟ್ಟೂರಪ್ಪ ಅವನ ಬೆನ್ನು ತಟ್ಟಿದ, ಮುಂದಿನ ವಾರ ತಾನೇ ಕರೆದುಕೊಂಡು ಹೋಗಿ ಚಿತ್ರದುರ್ಗದ ಗ್ಯಾರೇಜೊಂದಕ್ಕೆ ಸೇರಿಸಿದ. ಅನ್ನದ ದಾರಿ ತೋರಿಸಿದವನು ಅವನೇ.

ನಾಲ್ಕು ವರ್ಷದ ಹಿಂದೆ ಕೊಟ್ಟೂರಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ನಿಂತಿತು. ಫಿಯೆಟ್ ಮೊಳಕಾಲ್ಮೂರಿಗೆ ಬರುವುದೂ ನಿಂತಿತು. ಅದಾದ ಎರಡು ವರ್ಷಕ್ಕೆ ಯರ್ರಮ್ಮ ತೀರಿಕೊಂಡಳು. ನಾಗಭೂಷಣನೇ ಮುಂದೆ ನಿಂತು ಮಣ್ಣು ಮಾಡಿದ. ಚಳ್ಳಕೆರೆಯ ಮನೆಗೆ ಹೇಳಿ ಕಳಿಸಿದ್ದ. ಯಾರೂ ಬರಲಿಲ್ಲ.

ಹೋಗಬಾರದು ಅನ್ನಿಸಿದರೂ ಮಾರನೆಯ ದಿನ ಹೋದ.

ಮಿಲ್ಲಿನ ಪಕ್ಕದಲ್ಲೇ ಮನೆ. ಅಂಗಳಕ್ಕೆಲ್ಲ ಶೇಂಗಾ ಹಿಂಡಿಯ ವಾಸನೆ. ಫಿಯೆಟ್ಟನ್ನು ಅಂಗಳದ ಬೇವಿನ ನೆರಳಿಗೆ ತಳ್ಳಿ ನಿಲ್ಲಿಸಿದ್ದರು. ಪಡಸಾಲೆಯಲ್ಲಿ, ಗಾಲಿ ಕುರ್ಚಿಯಲ್ಲಿ ಕೊಟ್ಟೂರಪ್ಪ. ಆರಡಿ ಆಳು ಅರ್ಧಕ್ಕೆ ಮಡಚಿದ ಹಾಗಾಗಿದ್ದ. ಹೆಂಡತಿ ಶಿವಬಸಮ್ಮ ಅವನ ಪಕ್ಕ ಮಣೆಯ ಮೇಲೆ ಕೂತು ಚಮಚದಲ್ಲಿ ಮಜ್ಜಿಗೆ ಕುಡಿಸುತ್ತಿದ್ದಳು. ಎಪ್ಪತ್ತಾರರ ಮುದುಕಿ, ತೆಳ್ಳನೆಯ ಮೈ, ಹಣೆ ತುಂಬ ವಿಭೂತಿ. ಒಂದೊಂದು ಚಮಚಕ್ಕೂ ಗಂಡನ ಗಲ್ಲ ಒರೆಸುತ್ತಿದ್ದಳು. ಗಂಡನ ಸೇವೆ ಅಂದರೆ ಶಿವಬಸಮ್ಮನನ್ನು ನೋಡಿ ಕಲಿಯಬೇಕು ಅಂತ ಬೀದಿಯವರೆಲ್ಲ ಹೇಳುತ್ತಿದ್ದರು.

ನಾಗಭೂಷಣ ಎರಡು ಬೋಲ್ಟು ಕಳಚಿ ಇಂಜಿನ್ನಿನ ಪಕ್ಕೆಯಿಂದ ಪಂಪನ್ನು ಬಿಡಿಸಿದ. ಟ್ಯಾಂಕಿನಿಂದ ಪೆಟ್ರೋಲು ಎಳೆದು ಇಂಜಿನ್ನಿಗೆ ಕೊಡುವ, ಅಂಗೈಯಗಲದ ಸಾಮಾನು. ಸುತ್ತಲ ತಿರುಪುಗಳಲ್ಲಿ ಒಂದರ ತಲೆ ಕಚ್ಚು ಬಿದ್ದು ಹಾಳಾಗಿತ್ತು. ಅದನ್ನು ಹಾಳು ಮಾಡಿದವನು ತಾನೇ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ಕ್ರೂಡ್ರೈವರ್ ಹಿಡಿಯಲು ಬಾರದೆ. ಪಂಪು ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗಿನ ಡಯಾಫ್ರಮ್, ಹೊಟ್ಟೆ ಉಸಿರಾಡಿದಂತೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆಯುವ ರಬ್ಬರು ಬಟ್ಟೆಯ ಪೊರೆ, ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

"ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸ್ತಾರಲ್ಲಮ್ಮ, ಹಳೇ ರಬ್ಬರನ್ನ ಅದು ತಿಂದ್ಹಾಕ್ತದೆ. ಅದಕ್ಕೆ ತಡೆಯೋ ಬಟ್ಟೆ ಬೆಂಗಳೂರಿಂದ ತರಿಸಿ ಕೊಯ್ಯಬೇಕು. ನಾಕೈದು ದಿನ ಆಗ್ತದೆ."

"ಆಗ್ಲಿ. ದಾರೀಲಿ ಮಾತ್ರ ಕೈಕೊಡಬಾರ್ದು," ಅಂದಳು ಶಿವಬಸಮ್ಮ.

ಬಟ್ಟೆ ಬಸ್ಸಿನಲ್ಲಿ ಬಂತು. ನಾಗಭೂಷಣ ಮತ್ತೆ ಚಳ್ಳಕೆರೆಗೆ ಬಂದು, ಅಂಗಳದಲ್ಲೇ ಕೂತು ಅದನ್ನು ಹಳೆಯದರ ಅಳತೆಗೆ ದುಂಡಗೆ ಕೊಯ್ದು, ತೂತು ಹೊಡೆದ. ಪಂಪಿನ ಎರಡು ಹೋಳುಗಳ ಅಂಚು ಶಾಖಕ್ಕೆ ಸೊಟ್ಟಗಾಗಿತ್ತು. ಗಾಜಿನ ಮೇಲೆ ಲೋಹ ಸವೆಸುವ ವಾಲ್ವ್ ಪೇಸ್ಟ್ ಬಳಿದು ಒಂದು ಮಧ್ಯಾಹ್ನವಿಡೀ ತಿಕ್ಕಿ ಸಮ ಮಾಡಿದ. ಹೊಸ ಸ್ಪ್ರಿಂಗು, ಹೊಸ ವಾಲ್ವು. ಜೋಡಿಸಿ, ಪಂಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಅದರ ಸನ್ನೆಗೋಲು ಆಡಿಸಿದ. ಹೆಬ್ಬೆಟ್ಟನ್ನು ಅದು ಕರು ಚೀಪಿದ ಹಾಗೆ ಎಳೆದು ಹಿಡಿಯಿತು. ಕೆಲಸ ಕೂಡಿಬಂದ ಖುಷಿಯಲ್ಲಿ ತಲೆಯೆತ್ತಿದರೆ ಕೊಟ್ಟೂರಪ್ಪ ಇವನನ್ನೇ ನೋಡುತ್ತಿದ್ದ. ಎಡಗೈ ಬಾ ಬಾ ಎಂದು ಕರೆಯುತ್ತಿತ್ತು. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹತ್ತಿರ ಹೋದ ಕೂಡಲೇ ಮುದುಕ ಅವನ ಮುಂಗೈ ಹಿಡಿದುಕೊಂಡ. ಆ ಒಂದು ಕೈಯ ಬಲ ಹಾಗೇ ಉಳಿದಿತ್ತು. ಸೊಟ್ಟ ಬಾಯಿಂದ ಜೊಲ್ಲಿನ ಜೊತೆ ಒಂದು ಸದ್ದು ಬಂತು.

"ಯ... ಯ..."

ಕಣ್ಣು ಉಳಿದದ್ದನ್ನು ಕೇಳಿತು. ಈ ಮನುಷ್ಯನಿಗೆ ಯಾರೂ ಏನೂ ಹೇಳಿಲ್ಲ ಅಂತ ನಾಗಭೂಷಣನಿಗೆ ಆಗ ಗೊತ್ತಾಯಿತು. ಹೇಳುವವನು ತಾನಾಗಬೇಕೆ? ಅವನಿಂದ ಆಗಲಿಲ್ಲ.

"ಚೆನ್ನಾಗವ್ಳೆ ಸಾವ್ಕಾರ್ರೇ," ಅಂದ. "ನಿಮ್ಮನ್ನ ಕೇಳ್ತಿರ್ತಾಳೆ."

ಕೊಟ್ಟೂರಪ್ಪನ ಅರ್ಧ ಮುಖ ನಕ್ಕಿತು. ಅತ್ತದ್ದೂ ಅರ್ಧ ಮುಖವೇ.

ಸಂಜೆ ಸಾಮಾನು ಕಟ್ಟಿಕೊಂಡು ಹೊರಟಾಗ ಶಿವಬಸಮ್ಮ ಗೇಟಿನವರೆಗೂ ಬಂದಳು.

"ಚೆನ್ನಾಗವ್ಳೆ ಅಂದ್ಯಲ್ಲ."

ನಾಗಭೂಷಣ ಚೀಲ ಹಿಡಿದು ನಿಂತ.

"ಬಾಗ್ಲ ಹಿಂದೇ ಇದ್ದೆ. ನೀನು ಅವಳ ಅಕ್ಕನ ಮಗ ಅಂತ ಗೊತ್ತಿಲ್ದೆ ಕರೆಸಿದೀನಾ? ಸತ್ಲು ಅಂತ ನೀನು ಹೇಳಿಕಳಿಸಿದ ಸುದ್ದಿ ಬಂದು ಮುಟ್ಟಿದ್ದು ನನಗೆ. ಮಗನಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ."

"ಡಾಕ್ಟ್ರು ಹೇಳಬ್ಯಾಡಿ ಅಂದಿದ್ರೇನಮ್ಮ?"

"ಡಾಕ್ಟ್ರು ಯಾಕೆ ಅಂತಾರೆ? ನಾನೇ ಇಟ್ಕೊಂಡಿದ್ದೆ. ಹೆಂಗೆ ಹೇಳಬೇಕು ಅಂತ ಯೋಚನೆ ಮಾಡ್ತಿದ್ದೆ, ಇವತ್ತು ನೀನೇ ದಾರಿ ಮಾಡಿಕೊಟ್ಟೆ. ಸೋಮವಾರ ಗಾಡಿ ಹೊಡೆಯೋಕೆ ಬಾ. ಮೊಳಕಾಲ್ಮೂರಿಗೆ ಹೋಗಾಣ."

"ಅಲ್ಲಿ ಏನೈತಮ್ಮ ಈಗ?"

"ಚೆನ್ನಾಗವ್ಳಲ್ಲ, ನೋಡ್ಕೊಂಡು ಬರ್ಲಿ."

"ನಾನು ಬರಾಕಿಲ್ಲ."

"ಬರಬ್ಯಾಡ. ಮಿಲ್ಲಿನ ಡ್ರೈವರ್ ಬರ್ತಾನೆ. ಸುಳ್ಳು ಮಾತ್ರ ನಿನ್ನದೇ, ಅದನ್ನ ಅವನ ತಲೆಗೆ ಕಟ್ಟಾಕಾಗಲ್ಲ."

ಶನಿವಾರ ಸಿದ್ದಲಿಂಗೇಶನ ಫೋನು ಬಂತು. ದನಿಯಲ್ಲಿ ಸಂಭ್ರಮ. "ನಮ್ಮಪ್ಪನ ಖುಷಿ ನೋಡಬೇಕಿತ್ತು ಮೇಸ್ತ್ರೀ! ಮೊಳಕಾಲ್ಮೂರಿಗೇ ಕರ್ಕೊಂಡು ಹೋಗ್ತೀನಿ ಅಂತ ಅವ್ವನೇ ಬಾಯ್ಬಿಟ್ಟು ಹೇಳಿದ್ಲು. ಆ ಹೆಸ್ರು ಅವಳ ಬಾಯಲ್ಲಿ ನಾನು ಹುಟ್ಟಿದಾಗಿಂದ ಕೇಳಿಲ್ಲ. ಅಪ್ಪ ಮೊದ್ಲು ನಂಬ್ಲಿಲ್ಲ. ಆಮೇಲೆ ಅವಳ ಕೈ ಹಿಡ್ಕೊಂಡು ಕಣ್ಣಿಗೆ ಒತ್ಕೊಂಡ್ರು. ದೊಡ್ಡ ಮನಸ್ಸು ಮೇಸ್ತ್ರೀ ನಮ್ಮವ್ವಂದು."

ಅಮ್ಮನ ಮನಸ್ಸು ಎಂಥದ್ದು ಅಂತ ಮಗನಿಗೆ ಹೇಳಿಬಿಡಬಹುದಿತ್ತು. ನಾಗಭೂಷಣ "ಹೂಂ" ಅಂದ. ಅವನು ಬೇರೊಂದು ಯೋಚಿಸಿದ್ದ.

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಬಾನೆಟ್ ಎತ್ತಿ, ಪಂಪಿಗೆ ಬರುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಓಡುತ್ತಾ ಓಡುತ್ತಾ ಅದು ಇನ್ನಷ್ಟು ಸಡಿಲವಾಗುತ್ತದೆ. ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ದಾರಿಯಲ್ಲಿ ಗಾಡಿ ನಿಲ್ಲುತ್ತದೆ. ವಾಪಸ್ಸು ಬರುವುದೊಂದೇ ದಾರಿ. ತಾನೇ ಜೀವ ತುಂಬಿದ ಕೆಲಸವನ್ನು ಕೆಡಿಸಿದ್ದು ಅವನ ಕಸುಬಿನಲ್ಲಿ ಅದೇ ಮೊದಲು.

ಕೊಟ್ಟೂರಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ನುಣ್ಣಗೆ ಗಡ್ಡ ತೆಗೆಸಿಕೊಂಡಿದ್ದ, ಜರಿ ಅಂಚಿನ ಪಂಚೆ, ಬಿಳಿ ಅಂಗಿ. ಶಿವಬಸಮ್ಮ ಹಿಂದೆ ಕೂತು, ಮಡಿಲಲ್ಲಿ ಊಟದ ಕ್ಯಾರಿಯರ್ ಇಟ್ಟುಕೊಂಡಳು. ಮಿಲ್ಲಿನ ಡ್ರೈವರ್ ಬದಲು ನಾಗಭೂಷಣನೇ ಸ್ಟೀರಿಂಗ್ ಹಿಡಿದ. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಮುದುಕ ಎಡಗೈಯಿಂದ ತೊಡೆ ತಟ್ಟಿಕೊಂಡ.

ತಳಕು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಫಿಯೆಟ್ ಮುಗ್ಗರಿಸಿ, ಕೆಮ್ಮಿ, ರಸ್ತೆಬದಿಗೆ ಬಂದು ನಿಂತಿತು. ಎರಡೂ ಕಡೆ ಕೊಯ್ಲಾದ ಶೇಂಗಾ ಹೊಲ, ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

"ಏನಾಯ್ತು?"

"ಪಂಪು ಕೈಕೊಟ್ಟೈತಮ್ಮ. ವಾಪಸ್ ಹೋಗಬೇಕಷ್ಟೆ."

ಶಿವಬಸಮ್ಮ ನಕ್ಕಳು. ಮುಂದಕ್ಕೆ ಬಾಗಿ ಗಂಡನ ಕಿವಿಯ ಹತ್ತಿರ ಮಾತಾಡಿದಳು. "ಕೇಳಿದ್ರೇನ್ರೀ? ಪಂಪು ಹೋಗೈತಂತೆ. ನಮ್ಮಪ್ಪ ಹಿರಿಯೂರಲ್ಲಿ ಕೊನೇ ಉಸಿರು ಎಳೀತಿದ್ದಾಗ ನೀವೂ ಇದೇ ಮಾತು ಅಂದಿದ್ರಿ. 'ಗಾಡಿ ಪಂಪು ಹೋಗೈತೆ, ಬಸ್ಸಿಗೆ ಹೋಗು.' ಅವತ್ತು ಸೋಮವಾರ. ನಾನು ಬಸ್ಸಿಗೆ ಹೋದೆ. ಹೋಗೋ ಹೊತ್ತಿಗೆ ನಮ್ಮಪ್ಪನ್ನ ಮಣ್ಣಾಗಿಟ್ಟು ಎಲ್ಲಾರೂ ಕೈಕಾಲು ತೊಳೀತಿದ್ರು. ಮುಖ ನೋಡಾಕೂ ಸಿಗ್ಲಿಲ್ಲ. ಆಮೇಲೆ ನಮ್ಮ ದಲಾಲಿ ಸೂರಪ್ಪ ಏನಂದ ಗೊತ್ತಾ? 'ಅಕ್ಕಾರೇ, ಸಾವ್ಕಾರ್ರ ಗಾಡಿ ಅವತ್ತು ಮೊಳಕಾಲ್ಮೂರಲ್ಲಿತ್ತು' ಅಂದ."

ಕೊಟ್ಟೂರಪ್ಪ ನೆಟ್ಟಗೆ ರಸ್ತೆ ನೋಡುತ್ತಿದ್ದ.

"ಅದಕ್ಕೂ ನಾನು ಮಾತಾಡ್ಲಿಲ್ಲ. ಸೋಮವಾರ ಸೋಮವಾರ ರೊಟ್ಟಿ ಬಡಿದೆ. 'ಇಬ್ರಿಗೆ ಆಗೋಷ್ಟು ಕಟ್ಟು' ಅಂತಿದ್ರಿ, ಇಬ್ರಿಗೆ ಆಗೋಷ್ಟು ಕಟ್ಟಿದೆ. ಈ ಸೀಟಲ್ಲಿ ಉದುರಿದ್ದ ಕನಕಾಂಬರ ಆಯ್ದು ಒರೆಸಿಟ್ಟೆ." ಆಮೇಲೆ ನಾಗಭೂಷಣನ ಕಡೆ ತಿರುಗಿದಳು. "ಗಾಡಿ ಆಗದಿದ್ರೆ ಬ್ಯಾಡ. ಬಸ್ ಬರ್ತದೆ. ಎತ್ಕೊಂಡು ಹೋಗಾಣ ಇವರನ್ನ."

"ಬ್ಯಾಡಮ್ಮ. ಕೈ ಮುಗೀತೀನಿ, ವಾಪಸ್ ಹೋಗಾನ."

"ಹಂಗಾದ್ರೆ ಇಲ್ಲೇ ಹೇಳು. ಯಾಕೆ ವಾಪಸ್ ಅಂತ ಇವರಿಗೆ ಹೇಳು."

ನಾಗಭೂಷಣ ಬಾಯಿ ತೆರೆದ. ಅಷ್ಟರಲ್ಲಿ ಕೊಟ್ಟೂರಪ್ಪನ ಎಡಗೈ ಅವನ ಅಂಗಿ ಹಿಡಿದು ಜಗ್ಗಿತು. ಮುದುಕ ಬಾನೆಟ್ಟಿನ ಕಡೆ ಬೆರಳು ತೋರಿಸುತ್ತಿದ್ದ, ಡ್ಯಾಶ್‌ಬೋರ್ಡಿಗೆ ಗುದ್ದುತ್ತಿದ್ದ, "ಯ... ಯ..." ಎನ್ನುತ್ತಿದ್ದ. ಹೆಂಡತಿ ಅಂದದ್ದು ಒಂದಾದರೂ ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ. ಆ ಸಾವುಕಾರ ಈಗ ಒಬ್ಬ ಮೆಕ್ಯಾನಿಕ್ಕಿಗೆ ಒಂಟಿ ಕೈಯನ್ನು ಎದೆಗೆ ಒತ್ತಿ ಬೇಡುತ್ತಿದ್ದ. ಸರಿಮಾಡು, ಕರೆದುಕೊಂಡು ಹೋಗು.

ನಾಗಭೂಷಣ ಇಳಿದ. ಬಾನೆಟ್ ಎತ್ತಿ, ಸ್ಪ್ಯಾನರ್ ಹಾಕಿ ನಟ್ಟು ಬಿಗಿ ಮಾಡಿದ. ಅರ್ಧ ನಿಮಿಷದ ಕೆಲಸ. ಬಾನೆಟ್ ಹಾಕಿ ಮತ್ತೆ ಸೀಟಿಗೆ ಬಂದು ಕೂತ.

ಅಲ್ಲಿಂದಾಚೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಬಿ.ಜಿ. ಕೆರೆಯಲ್ಲಿ ತನ್ನ ಶೆಡ್ಡಿನ ಮುಂದೆಯೇ ಹಾದು, ಹಾನಗಲ್ಲಿನಲ್ಲಿ ತಿರುಗಿ, ಮೊಳಕಾಲ್ಮೂರಿನ ಬಂಡೆಗುಡ್ಡ ಕಾಣಿಸಿಕೊಂಡಾಗ ಮುದುಕ ತಲೆಗೂದಲು ಸವರಿಕೊಂಡ.

ಯರ್ರಮ್ಮನ ಮನೆಗೆ ಬೀಗ. ಜಗುಲಿಯ ಮೇಲೆ ಯಾರದೋ ಮೇಕೆ ಮಲಗಿತ್ತು. ಕೊಟ್ಟೂರಪ್ಪ ಬೀಗ ನೋಡಿ ನಾಗಭೂಷಣನನ್ನು ನೋಡಿದ, ಎಲ್ಲಿಗೆ ಹೋಗಿದ್ದಾಳೆ ಅನ್ನುವ ಹಾಗೆ. ಹಾರ್ನು ಹೊಡಿ ಎಂದು ಸನ್ನೆ ಮಾಡಿದ. ನಾಗಭೂಷಣ ಹೊಡೆಯಲಿಲ್ಲ. ಶಿವಬಸಮ್ಮ ಹಿಂದಿನಿಂದ ಕೈ ಚಾಚಿ ತಾನೇ ಒತ್ತಿದಳು.

ಎದುರು ಮನೆಯ ಬಾಗಿಲು ತೆರೆದು ಜುಂಜಮ್ಮ ಹೊರಬಂದಳು. ಯರ್ರಮ್ಮನ ಜೊತೆ ಎಷ್ಟೋ ವರ್ಷ ಕಂಡಿಕೆ ಸುತ್ತಿದವಳು. ಕಾರು ಕಂಡು ನಿಂತಳು, ಕಿಟಕಿಯಲ್ಲಿ ಬಗ್ಗಿ ನೋಡಿದಳು, ಬೆಂಕಿ ಮುಟ್ಟಿದವಳಂತೆ ಹಿಂದೆ ಸರಿದಳು.

"ಅಯ್ಯೋ ದೇವುಡಾ! ಸಾವ್ಕಾರ್ರು ಬದುಕವ್ರಾ?"

"ಬದುಕಿದ್ದಾರಲ್ಲ," ಅಂದಳು ಶಿವಬಸಮ್ಮ. "ಯರ್ರಮ್ಮನ್ನ ನೋಡಾಕೆ ಬಂದವ್ರೆ. ಎಲ್ಲಿ ಅವ್ಳು?"

"ಯರ್ರಕ್ಕನಾ? ಅವ್ಳು ಹೋಗಿ ಎರಡು ವರ್ಷ ಆಯ್ತಲ್ಲಮ್ಮ! ಏಮಯ್ಯಾ ನಾಗಭೂಷಣ, ನೀನು ಹೇಳಿಲ್ವಾ ಇವರಿಗೆ? ನೀನೇ ಅಲ್ವಾ ಮಣ್ಣಾಕಿದ್ದು?"

ಕೊಟ್ಟೂರಪ್ಪನ ತಲೆ ನಿಧಾನಕ್ಕೆ ನಾಗಭೂಷಣನ ಕಡೆ ತಿರುಗಿತು. ನಾಗಭೂಷಣ ಸ್ಟೀರಿಂಗ್ ಹಿಡಿದು ಕೂತಿದ್ದ.

"ಹೆಂಗೆ ಹೋದ್ಲು? ಹತ್ರ ಬಂದು ಹೇಳಮ್ಮ," ಶಿವಬಸಮ್ಮ ಅಂದಳು, "ಇವರಿಗೆ ಕೇಳ್ಲಿ."

ಜುಂಜಮ್ಮನಿಗೆ ಕೇಳುತ್ತಿರುವವಳು ಯಾರೆಂದು ಗೊತ್ತಿರಲಿಲ್ಲ. ಕಿಟಕಿಗೆ ಕೈಯಾನಿಸಿ ಇದ್ದದ್ದನ್ನು ಹೇಳಿದಳು. "ಎರಡು ವರ್ಷ ಕಾದ್ಲಮ್ಮ. ಸೋಮವಾರ ಬಂತಂದ್ರೆ ಮಿಂದು ಹೂ ಮುಡ್ಕೊಂಡು ಈ ಜಗುಲಿ ಮೇಲೆ ಕುಂತ್ರೆ ಹೊತ್ತು ಮುಳುಗೋವರ್ಗೂ ಏಳ್ತಿರ್ಲಿಲ್ಲ. ಕೊನಿಗೆ ತಡೀಲಾರದೆ ಒಂದಿನ ಬಸ್ ಹತ್ತಿ ಚಳ್ಳಕೆರೆಗೆ ಹೋದ್ಲು. ಅವರ ಮನೆ ಗೇಟಲ್ಲಿ ಯಾರೋ ಹೆಂಗಸು, 'ಅವರು ಸತ್ತು ಮೂರು ತಿಂಗಳಾಯ್ತು' ಅಂದ್ಲಂತೆ. ಬಂದೋಳೇ ಬಳೆ ಕಳಚಿ ಗೂಡಿನಾಗಿಟ್ಲು. 'ಯಾರಿಗೂ ಹೇಳಬ್ಯಾಡ ಜುಂಜೀ, ಊರೆಲ್ಲಾ ಕೇಳೋ ಹಂಗೆ ಅಳಾಕೆ ನಾನೇನು ಅವರ ಹೆಂಡ್ತಿಯಾ' ಅಂದ್ಲು. ನಾನೂ ಹೇಳ್ಲಿಲ್ಲ. ಆಮೇಲೆ ಕಂಡಿಕೆ ಮುಟ್ಲಿಲ್ಲ, ಗಂಜಿ ಮುಟ್ಲಿಲ್ಲ. ಇಪ್ಪತ್ತು ದಿನಾನೂ ಇರ್ಲಿಲ್ಲಮ್ಮ."

ನಾಗಭೂಷಣನೂ ಇದನ್ನು ಕೇಳುತ್ತಿದ್ದದ್ದು ಈಗಲೇ. ಜ್ವರ ಅಂದಿದ್ದರು ಅವನಿಗೆ.

"ಆ ಹೆಂಗಸು ನಾನೇ ಕಣ್ರೀ," ಅಂದಳು ಶಿವಬಸಮ್ಮ ಗಂಡನಿಗೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನೀವು ಒಳಗೆ ಗಾಲಿ ಕುರ್ಚೀಲಿ ಕುಂತಿದ್ರಿ. ಅವಳ ದನಿ ಕೇಳಿ ಕೈ ಎತ್ತಿದ್ರಿ. ಯಾರೋ ಭಿಕ್ಷೆಯೋಳು ಅಂದೆ ನಿಮಗೆ, ನೆನಪೈತಾ?"

ಕೊಟ್ಟೂರಪ್ಪನಿಂದ ಬಂದ ಸದ್ದು ನಾಗಭೂಷಣ ಯಾವ ಮನುಷ್ಯನ ಬಾಯಲ್ಲೂ ಕೇಳಿರಲಿಲ್ಲ. ಮೇಕೆ ಎದ್ದು ಓಡಿತು. ಜುಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ತಾನು ಯಾರ ಮುಂದೆ ಏನು ಹೇಳಿದೆ ಅನ್ನುವುದು ಅರ್ಥವಾಗಿ, ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಶಿವಬಸಮ್ಮ ಕ್ಯಾರಿಯರ್ ಬಿಚ್ಚಿ ರೊಟ್ಟಿ ಮುರಿದು, ಬದನೆಕಾಯಿ ಸುತ್ತಿ, ಗಂಡನ ಬಾಯಿಗೆ ಹಿಡಿದಳು. ಅವನು ಹಲ್ಲು ಕಚ್ಚಿದ. ಅವಳು ಕಾಯ್ದಳು. ಆಮೇಲೆ ಆ ತುತ್ತನ್ನು ತಾನೇ ತಿಂದಳು, ಕೂತಲ್ಲೇ ಇಬ್ಬರ ಪಾಲನ್ನೂ ತಿಂದಳು.

ಹೊತ್ತು ಮುಳುಗುವ ಮುಂಚೆ ಫಿಯೆಟ್ ಚಳ್ಳಕೆರೆಗೆ ವಾಪಸ್ಸು ಬಂತು.

ಕೊಟ್ಟೂರಪ್ಪ ಹಾಸಿಗೆ ಹಿಡಿಯುತ್ತಾನೆ, ವಾರದಲ್ಲಿ ಸಾವಿನ ಸುದ್ದಿ ಬರುತ್ತದೆ ಅಂದುಕೊಂಡಿದ್ದ ನಾಗಭೂಷಣ. ಬರಲಿಲ್ಲ. ಮೂರು ದಿನ ಉಪವಾಸವಿದ್ದು ನಾಲ್ಕನೆಯ ದಿನ ಗಂಜಿ ಕುಡಿದ ಅಂತ ಸಿದ್ದಲಿಂಗೇಶ್ ಹೇಳಿದ. "ಆಯಮ್ಮ ಹೋಗಿದ್ದು ನಿಮಗೆ ಗೊತ್ತಿತ್ತಂತಲ್ಲ ಮೇಸ್ತ್ರೀ. ಒಂದ್ಮಾತು ನನಗೆ ಹೇಳಬಾರ್ದಿತ್ತಾ? ಪಾಪ, ಅವ್ವ ಅಲ್ಲಿಗೆ ಹೋಗಿ ಎಷ್ಟು ಪೇಚಾಡಿದ್ಲೋ." ನಾಗಭೂಷಣ ಫೋನ್ ಇಟ್ಟುಬಿಟ್ಟ.

ತಿಂಗಳಾದ ಮೇಲೆ ತಡೆಯಲಾಗದೆ ಚಳ್ಳಕೆರೆಗೆ ಹೋದ. ಪಡಸಾಲೆಯಲ್ಲಿ ಊಟ ನಡೆಯುತ್ತಿತ್ತು. ಶಿವಬಸಮ್ಮ ಅನ್ನ ಮಿದ್ದು ಗುಕ್ಕು ಮಾಡಿ ಹಿಡಿಯುತ್ತಿದ್ದಳು. ಕೊಟ್ಟೂರಪ್ಪ ಬಾಯಿ ತೆರೆದು ಇಸಿದುಕೊಳ್ಳುತ್ತಿದ್ದ. ಅವಳ ಕೈ ಬಿಟ್ಟರೆ ಅವನಿಗೆ ಬೇರೆ ಕೈ ಇರಲಿಲ್ಲ. ನಾಗಭೂಷಣ ಮೆಟ್ಟಿಲು ಹತ್ತಿ, ಬಗ್ಗಿ ಅವನ ಕಾಲು ಮುಟ್ಟಿದ.

"ತಪ್ಪಾಯ್ತು ಸಾವ್ಕಾರ್ರೇ."

ಮುದುಕ ಬಾಯಲ್ಲಿದ್ದ ಅನ್ನವನ್ನು ಅವನ ಮುಖಕ್ಕೆ ಉಗಿದ. ಎಡಗಾಲು ಎತ್ತಿ ಭುಜಕ್ಕೆ ಒದ್ದ. ಬಲವೇನೂ ಇರಲಿಲ್ಲ, ಆದರೂ ನಾಗಭೂಷಣ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೊಟ್ಟೂರಪ್ಪನ ಕಣ್ಣಲ್ಲಿದ್ದ ದ್ವೇಷವೆಲ್ಲ ಅವನೊಬ್ಬನ ಮೇಲಿತ್ತು.

ಶಿವಬಸಮ್ಮ ಸೆರಗಿನಿಂದ ಗಂಡನ ಗಲ್ಲ ಒರೆಸಿದಳು.

"ಇನ್ಮೇಲೆ ಬರಬ್ಯಾಡಪ್ಪ," ಅಂದಳು. "ಇವರಿಗೆ ನಿನ್ನ ಮುಖ ಕಂಡ್ರೆ ಆಗಲ್ಲ. ಊಟ ಸೇರಲ್ಲ."

ಅವನು ಮುಖದ ಮೇಲಿನ ಅಗುಳು ತೆಗೆದುಕೊಂಡು ಎದ್ದ. ಗೇಟು ದಾಟುವಾಗ ಹಿಂದಿನಿಂದ ಅವಳ ದನಿ ಕೇಳಿಸುತ್ತಿತ್ತು. "ಆ ಅನ್ರೀ. ಇನ್ನೊಂದು ತುತ್ತು ಐತೆ."